ಸೀರೆಯ ಕೊನೆಯ ತುಂಡು

ಬಂಗಾಳಿಗಳ ಆಷಾಢ ನಮ್ಮ ಚಾಂದ್ರಮಾನದ ಆಷಾಢವಲ್ಲ, ಸೌರಮಾನದ್ದು. ಅದರ ಏಳನೇ ದಿನ, ಅಂದರೆ ಜೂನ್ 22ರ ಸುಮಾರಿಗೆ, ಅಂಬುಬಾಚಿ ಶುರುವಾಗುತ್ತದೆ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಮೂರು ದಿನ ನೇಗಿಲು ಹೂಡುವುದಿಲ್ಲ, ಮಣ್ಣು ಅಗೆಯುವುದಿಲ್ಲ. ಗುವಾಹಟಿಯ ಕಾಮಾಖ್ಯ ಗುಡಿಯ ಬಾಗಿಲು ಆ ಮೂರು ದಿನ ಮುಚ್ಚಿರುತ್ತದೆ. ನಾಲ್ಕನೇ ದಿನ ತೆರೆದಾಗ ಭಕ್ತರಿಗೆ ಸಿಗುವ ಪ್ರಸಾದಗಳಲ್ಲಿ ಒಂದು ಕೆಂಪು ಬಟ್ಟೆಯ ಚೂರು. ರಕ್ತವಸ್ತ್ರ ಎನ್ನುತ್ತಾರೆ. ದೇವಿಯ ಸ್ರಾವದಿಂದ ಕೆಂಪಾದ ಬಟ್ಟೆ ಎಂಬ ನಂಬಿಕೆ. ಬಂಗಾಳದಿಂದ ಅಲ್ಲಿಗೆ ಹೋಗುವವರಿಗೆ ಲೆಕ್ಕವಿಲ್ಲ. ಆ ಚೂರನ್ನು ತೋಳಿಗೆ ಕಟ್ಟಿಕೊಳ್ಳುವವರಿದ್ದಾರೆ, ತಾಯತದೊಳಗೆ ಮಡಚಿ ಕೊರಳಿಗೆ ಹಾಕಿಕೊಳ್ಳುವವರಿದ್ದಾರೆ. ಗಂಡಸರೇ ಹೆಚ್ಚು ಕಟ್ಟಿಕೊಳ್ಳುತ್ತಾರೆ ಎಂದರೂ ತಪ್ಪಾಗಲಾರದೇನೋ. ಕಷ್ಟ ಕಳೆಯುತ್ತದೆ, ಕಣ್ಣು ತಾಗುವುದಿಲ್ಲ ಎಂಬ ಭರವಸೆ.

ಮುಟ್ಟಿನ ಕಳಂಕವನ್ನು ಪ್ರಶ್ನಿಸುವ ‘ತೊಡುವ ಕಲೆ’ಯ ಬಗ್ಗೆ ಯೋಚಿಸಲು ಕೂತಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಬರುವುದು ಈ ಚೂರು. ಯಾವ ಕಲಾವಿದರೂ ಮಾಡಿದ್ದಲ್ಲ, ಯಾವ ಗ್ಯಾಲರಿಯಲ್ಲೂ ಇಟ್ಟಿದ್ದಲ್ಲ. ಆದರೂ ಮುಟ್ಟಿನ ಬಟ್ಟೆಯನ್ನು ಮೈಮೇಲೆ, ಹಗಲು ಬೆಳಕಿನಲ್ಲಿ, ಹೆಮ್ಮೆಯಿಂದ ತೊಟ್ಟು ಲೋಕಲ್ ರೈಲು ಹತ್ತುವುದನ್ನು ಈ ನಾಡು ಎಂದೋ ಸಾಧಿಸಿಬಿಟ್ಟಿದೆ. ಹಾಗಿದ್ದೂ ಅದೇ ರೈಲಿನಲ್ಲಿ ಕೂತ ಹುಡುಗಿ ಸ್ಯಾನಿಟರಿ ಪ್ಯಾಡನ್ನು ಹಳೆ ಪೇಪರಿನಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬ್ಯಾಗಿನ ತಳಕ್ಕೆ ತಳ್ಳಿರುತ್ತಾಳೆ. ಅವಳ ಮನೆಯಲ್ಲಿ ಆ ವಿಷಯಕ್ಕಿರುವ ಮಾತು ‘ಶೊರೀರ್ ಖಾರಾಪ್’, ಮೈ ಸರಿಯಿಲ್ಲ. ದೇವಿಯ ಮೈ ಮಾತ್ರ ಆ ಮೂರು ದಿನ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಪೂಜಿಸಿದರೆ ಕಳಂಕ ಹೋಗುತ್ತದೆ ಎನ್ನುವ ಮಾತು ಇಲ್ಲಿಗೇ ಬಿದ್ದುಹೋಯಿತು. ನಮ್ಮ ತುಳುನಾಡಿನ ಕೆಡ್ಡಸವೂ ಇಂಥದ್ದೇ. ಫೆಬ್ರವರಿಯಲ್ಲಿ ಮೂರು ದಿನ ಭೂಮಿಗೆ ವಿಶ್ರಾಂತಿ, ಕೊನೆಗೆ ಅವಳಿಗೆ ಎಣ್ಣೆ, ಸೀಗೆ, ಅರಿಶಿನ, ಕುಂಕುಮದ ಉಪಚಾರ. ಎಷ್ಟು ಚೆಂದದ ಆಚರಣೆ! ಅಷ್ಟು ಚೆಂದದ ಆಚರಣೆ ಇರುವ ಮನೆಯಲ್ಲೇ ಸೊಸೆಗೆ ಬೇರೆ ಚಾಪೆ, ಬೇರೆ ತಟ್ಟೆ. ಕಳಂಕವೂ ಪೂಜೆಯೂ ಒಂದೇ ಕೆಲಸ ಮಾಡುತ್ತವೆ: ಸಾಧಾರಣವಾದದ್ದನ್ನು ಸಾಧಾರಣವಾಗಿರಲು ಬಿಡುವುದಿಲ್ಲ. ಒಂದು ಅದನ್ನು ಅಟ್ಟಕ್ಕೇರಿಸುತ್ತದೆ, ಇನ್ನೊಂದು ಹಿತ್ತಿಲಿಗೆ ಕಳಿಸುತ್ತದೆ. ನಡುಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಕೋಲ್ಕತ್ತಾದ ಕಲಾವಿದರು, ವಿದ್ಯಾರ್ಥಿಗಳು ಈ ನಡುಮನೆಯ ಜಾಗಕ್ಕಾಗಿ ಆಗಾಗ ಜಗಳ ತೆಗೆದಿದ್ದಾರೆ. 2015ರ ಮಾರ್ಚಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಒಬ್ಬ ಯುವತಿ ಪ್ಯಾಡುಗಳ ಮೇಲೆ ಮಾತು ಬರೆದು ಊರೆಲ್ಲ ಅಂಟಿಸಿದಳು. ಅದೇ ತಿಂಗಳು ಜಾದವ್‌ಪುರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ತಮ್ಮ ಕ್ಯಾಂಪಸ್ಸಿನಲ್ಲಿ ಹಾಗೇ ಮಾಡಿದರು. 2018ರ ದುರ್ಗಾಪೂಜೆಯ ಹೊತ್ತಿಗೆ, ಈ ಊರಿನ ಮೂಲದ ಅನಿಕೇತ್ ಮಿತ್ರ ಒಂದು ಚಿತ್ರ ಮಾಡಿದರು: ದೇವಿಯ ಹಿಂದಿನ ಪ್ರಭಾವಳಿಯ ಜಾಗದಲ್ಲಿ ಒಂದು ಪ್ಯಾಡ್, ಅದರ ನಡುವೆ ಕೆಂಪು ಕಮಲ. ಅವರ ಮೇಲೆ ಬಂದು ಬಿದ್ದ ಬೈಗುಳ, ಬೆದರಿಕೆಗಳಿಗೆ ಲೆಕ್ಕವಿರಲಿಲ್ಲ. ಐದು ವರ್ಷಗಳ ನಂತರ, 2023ರಲ್ಲಿ, ಉತ್ತರ ಕೋಲ್ಕತ್ತಾದ ಪಾಥುರಿಯಾಘಾಟ ಪಾಂಚೇರ್ ಪಲ್ಲಿಯ ಪೂಜಾ ಸಮಿತಿ ‘ಋತುಮತಿ’ ಎಂಬ ವಿಷಯವಿಟ್ಟುಕೊಂಡು ಇಡೀ ಪೆಂಡಾಲನ್ನೇ ಕಟ್ಟಿತು. ಜನ ಸಾಲುಗಟ್ಟಿ ನೋಡಿದರು. ಚಿತ್ರಕ್ಕೆ ಬೈದ ಊರು ಪೆಂಡಾಲಿಗೆ ಸಾಲು ನಿಂತಿತು ಎಂದರೆ ಊರು ಬದಲಾಯಿತು ಎನ್ನಬಹುದು. ಪೆಂಡಾಲು ಎನ್ನುವುದು ಬಂಗಾಳಿಗಳಿಗೆ ಏನನ್ನಾದರೂ ತೋರಿಸಿ ಕ್ಷಮಿಸಿಕೊಳ್ಳಲು ಇರುವ ಪರವಾನಗಿ ಎಂದೂ ಅನ್ನಬಹುದು. ನನಗೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ, ಆದರೂ ಮೊದಲನೆಯದನ್ನು ತಳ್ಳಿಹಾಕಲು ಮನಸ್ಸಿಲ್ಲ.

ಗೋಡೆ, ಪೆಂಡಾಲು, ಪರದೆ — ಇವೆಲ್ಲ ನೋಡುವವರಿಗೆ ಒಂದು ಅನುಕೂಲ ಮಾಡಿಕೊಡುತ್ತವೆ. ನೋಡಬಹುದು, ಮುಖ ತಿರುಗಿಸಿ ಮುಂದೆ ಹೋಗಬಹುದು. ಮೈಮೇಲೆ ತೊಟ್ಟದ್ದು ಹಾಗಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಜವಳಿ ವಿನ್ಯಾಸ ಓದುತ್ತಿದ್ದ ಸಾರಾ ನಖ್ವಿ 2017ರ ಸುಮಾರಿಗೆ ಒಳ ಉಡುಪುಗಳ ಮೇಲೆ, ಪ್ಯಾಡುಗಳ ಮೇಲೆ ಕೆಂಪು ದಾರ, ಕೆಂಪು ಮಣಿಗಳಿಂದ ಕಸೂತಿ ಮಾಡಿದರು. ಕಲೆ ಬಿದ್ದ ಜಾಗದಲ್ಲೇ ಕಲೆ. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಪದವಿರುವುದು ಎಂಥ ಸೌಕರ್ಯ! ಮೇ 28ರ ಮುಟ್ಟಿನ ನೈರ್ಮಲ್ಯ ದಿನಕ್ಕೆ ಒಂದು ಕೈಬಳೆಯ ಗುರುತಿದೆ: 28 ಮಣಿ, ಅದರಲ್ಲಿ ಐದು ಕೆಂಪು. 2015ರ ಲಂಡನ್ ಮ್ಯಾರಥಾನಿನಲ್ಲಿ ಅಮೆರಿಕದ ಡ್ರಮ್ ವಾದಕಿ ಕಿರಣ್ ಗಾಂಧಿ ಏನನ್ನೂ ಇಟ್ಟುಕೊಳ್ಳದೆ, ಬಟ್ಟೆ ಕೆಂಪಾಗಲು ಬಿಟ್ಟು 42 ಕಿಲೋಮೀಟರ್ ಓಡಿದರು. ಅದು ಕಲೆಯೋ ಅಲ್ಲವೋ ಎಂಬ ವಾದ ಬೇರೆ. ತೊಟ್ಟದ್ದನ್ನು ನೋಡಿದವರು ತೊಟ್ಟವರ ಮುಖವನ್ನೂ ನೋಡಬೇಕಾಗುತ್ತದೆ, ಆ ಮುಖ ತಿರುಗಿ ಅವರನ್ನು ನೋಡುತ್ತದೆ. ಅಸಹ್ಯಪಡುವುದಾದರೆ ಒಬ್ಬ ಮನುಷ್ಯಳ ಎದುರೇ ಅಸಹ್ಯಪಡಬೇಕು. ಅದು ಎಲ್ಲರಿಗೂ ಅಷ್ಟು ಸುಲಭವಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೇಳಿದರೆ ಬಚ್ಚಿಡುವುದೇ ರೋಗ, ತೋರಿಸುವುದೇ ಔಷಧಿ ಅನಿಸುತ್ತದೆ. ಅಷ್ಟು ಸರಳವಾಗಿದ್ದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ನಮ್ಮ ಕಡೆಯ ಪದ್ಧತಿಯನ್ನೇ ನೋಡಿ. ಹುಡುಗಿ ಮೈನೆರೆದಾಗ ಒಸಗೆ. ಹಸೆ ಬರೆದು ಕೂರಿಸಿ, ರೇಷ್ಮೆ ಸೀರೆ ಉಡಿಸಿ, ಮೊಗ್ಗಿನ ಜಡೆ ಹೆಣೆದು, ಚಿಗಳಿ, ಕೊಬ್ಬರಿ ತಿನ್ನಿಸಿ, ಕೇರಿಯ ಮುತ್ತೈದೆಯರನ್ನೆಲ್ಲ ಕರೆದು ಆರತಿ. ಇದಕ್ಕಿಂತ ದೊಡ್ಡ ‘ತೊಡುವ ಕಲೆ’ ಯಾವುದಿದೆ? ಅವಳ ಮೈಯೊಳಗಿನ ಸುದ್ದಿಯನ್ನು ಅವಳ ಮೈಮೇಲೆಯೇ ಬರೆದು ಊರಿಗೆ ಓದಿಸಿದ ಹಾಗೆ. ಅವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಮುಂದಿನ ತಿಂಗಳಿಂದ ಅದೇ ಸುದ್ದಿ ಸ್ವಂತ ಅಣ್ಣನಿಗೂ ತಿಳಿಯಬಾರದು. ಆದರೂ ತಿಳಿಯುತ್ತದೆ, ಯಾಕೆಂದರೆ ಅವಳು ‘ಹೊರಗೆ ಕೂತಿದ್ದಾಳೆ’. ಮನೆಗೆ ಬಂದ ಭಾವನೆಂಟ, ಹಾಲಿನವನು, ಪಕ್ಕದ ಮನೆಯ ಮಗು, ಎಲ್ಲರಿಗೂ ಆ ಚಾಪೆ ಕಾಣುತ್ತದೆ. ಮಕ್ಕಳು ‘ಯಾಕೆ?’ ಎಂದರೆ ‘ಕಾಗೆ ಮುಟ್ಟಿದೆ’ ಎಂಬ ಉತ್ತರ ಸಿದ್ಧವಿದೆ. ‘ಮುಟ್ಟು’ ಎಂದರೆ ಸ್ಪರ್ಶ, ಮುಟ್ಟಾದವಳನ್ನು ಮುಟ್ಟಬಾರದು! ಭಾಷೆಯೇ ಇಷ್ಟು ಸರಿಯಾಗಿ ವಿಷಯ ಹೇಳಿಬಿಟ್ಟ ಮೇಲೆ ವಿದ್ವಾಂಸರಿಗೆ ಹೆಚ್ಚು ಕೆಲಸವಿಲ್ಲ.

ಅಂದರೆ ಕಳಂಕ ಎನ್ನುವುದು ಬರೀ ಮುಚ್ಚಿಡುವ ವ್ಯವಸ್ಥೆಯಲ್ಲ. ಅದು ಬೇಕಾದಾಗ ಮುಚ್ಚಿಸುತ್ತದೆ, ಬೇಕಾದಾಗ ತೆರೆಸುತ್ತದೆ. 2020ರ ಫೆಬ್ರವರಿಯಲ್ಲಿ ಗುಜರಾತಿನ ಭುಜ್‌ನ ಒಂದು ಮಹಿಳಾ ಕಾಲೇಜಿನ ಹಾಸ್ಟೆಲಿನಲ್ಲಿ 68 ಹುಡುಗಿಯರ ಒಳ ಉಡುಪು ತೆಗೆಸಿ, ಮುಟ್ಟಾಗಿದ್ದಾರೆಯೇ ಎಂದು ಪರೀಕ್ಷೆ ಮಾಡಿದರು. ಅಡುಗೆಮನೆಯ, ಗುಡಿಯ ಮಡಿ ಕೆಟ್ಟಿತು ಎಂಬ ಅನುಮಾನಕ್ಕೆ. ತುಮಕೂರು, ಚಿತ್ರದುರ್ಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯಾಚೆ ಇರಬೇಕು. ಅವರಿಗೆಂದು ಸರ್ಕಾರ ಕಟ್ಟಿದ ಕಟ್ಟಡಗಳಿಗೆ ‘ಕೃಷ್ಣ ಕುಟೀರ’ ಎಂಬ ಹೆಸರು. ಮಳೆಯಲ್ಲಿ ಗುಡಿಸಲಿನಲ್ಲಿ ನೆನೆಯುವುದಕ್ಕಿಂತ ಸೂರು ಮೇಲು, ಒಪ್ಪೋಣ. ಆದರೆ ಹೊರಗೆ ಹಾಕುವುದಕ್ಕೆ ಸಿಮೆಂಟಿನ ಗೋಡೆ ಕಟ್ಟಿಕೊಟ್ಟಂತೆಯೂ ಆಯಿತು. ಅಲ್ಲಿಗೆ ನಡೆದು ಹೋಗುವ ಹೆಂಗಸು ತನ್ನ ಸುದ್ದಿಯನ್ನು ಇಡೀ ಹಟ್ಟಿಗೆ ಸಾರುತ್ತಲೇ ಹೋಗಬೇಕು.

ಹಾಗಾಗಿ ತೊಡುವ ಕಲೆಯನ್ನು ಅಳೆಯುವಾಗ ನಾನು ಕೇಳಬೇಕೆಂದಿರುವುದು ಎಷ್ಟು ತೋರಿಸಿತು ಎಂಬುದನ್ನಲ್ಲ. ತೋರಿಸುವ, ತೋರಿಸದಿರುವ ತೀರ್ಮಾನವನ್ನು ಯಾರ ಕೈಗೆ ಕೊಟ್ಟಿತು ಎಂಬುದನ್ನು. ಕಿರಣ್ ಗಾಂಧಿಯ ಓಟದಲ್ಲಿ ಆ ತೀರ್ಮಾನ ಅವರದೇ. ಭುಜ್‌ನ ಹುಡುಗಿಯರದು ಅಲ್ಲ. ಎರಡರಲ್ಲೂ ರಕ್ತ ಹೊರಗೆ ಕಂಡಿತು ಎಂಬ ಒಂದೇ ಕಾರಣಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾದೀತೆ?

ಇದಕ್ಕೆ ಒಂದು ಆಕ್ಷೇಪ ಯಾವಾಗಲೂ ಬರುತ್ತದೆ, ಅದೂ ಓದಿದವರಿಂದ, ಒಳ್ಳೆಯವರಿಂದಲೇ. ‘ಮೈಯಲ್ಲಿ ಆಗುವ ಸಹಜ ಸಂಗತಿಗಳು ಬೇಕಾದಷ್ಟಿವೆ. ಅವನ್ನೆಲ್ಲ ಯಾರೂ ಕಸೂತಿ ಹಾಕಿ ತೊಡುವುದಿಲ್ಲ. ಖಾಸಗಿಯಾದದ್ದು ಖಾಸಗಿಯಾಗಿಯೇ ಇರಲಿ, ಅದರಲ್ಲಿ ನಾಚಿಕೆಯ ಮಾತೇನು?’ ಮಾತು ಹಗುರವಲ್ಲ. ಆದರೆ ಬೆವರಿದವರನ್ನು ಯಾರೂ ಅಡುಗೆಮನೆಯಿಂದ ಹೊರಗೆ ಹಾಕಿಲ್ಲ, ಕೆಮ್ಮಿದವರಿಗೆ ಉಪ್ಪಿನಕಾಯಿ ಭರಣಿ ಮುಟ್ಟಬೇಡ ಎಂದಿಲ್ಲ. ದಂಡವಿಲ್ಲದ ಕಡೆ ಸುಮ್ಮನಿರುವುದು ಖಾಸಗಿತನ. ದಂಡವಿರುವ ಕಡೆ ಸುಮ್ಮನಿರುವುದು ಸುಂಕ ಕಟ್ಟುವುದು. ಹೊರಗಿನಿಂದ ನೋಡಿದವರಿಗೆ ಎರಡೂ ಮೌನವೇ, ಒಳಗಿರುವವರಿಗೆ ವ್ಯತ್ಯಾಸ ಗೊತ್ತು. ಆ ಸುಂಕದ ಕಟ್ಟೆಯನ್ನು ಯಾರೋ ಒಬ್ಬರು ಹಣ ಕೊಡದೆ ದಾಟಿ ತೋರಿಸಬೇಕಾಗುತ್ತದೆ. ಕಸೂತಿ ಹಾಕಿದವರು ಮಾಡಿದ್ದು ಅದನ್ನೇ. ಎಲ್ಲರೂ ದಾಟಲೇಬೇಕು ಎಂದಲ್ಲ.

ಹಾಗಲ್ಲದಿರುವುದು ಮುಖ್ಯ. ಮೇ 28ರಂದು ಯಾವುದೋ ಆಫೀಸಿನಲ್ಲಿ ಎಲ್ಲರ ಕೈಗೂ ಕೆಂಪು ಮಣಿಯ ಬಳೆ ಹಂಚಿ, ಗುಂಪು ಫೋಟೋ ತೆಗೆದು, ಹಾಕಿಕೊಳ್ಳದವಳನ್ನು ‘ಯಾಕೆ, ನಿಮ್ಮದು ಬೆಂಬಲವಿಲ್ಲವೇ?’ ಎಂದು ಕೇಳಿದರೆ ಅದು ಹೊಸ ಚಾಪೆ ಹಾಸಿದ ಹಾಗೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗಲೂ ಇದೇ ಗಂಟು ಎದುರಾಯಿತು. ರಜೆ ಬೇಕು, ನಿಜವಾಗಿ ಬೇಕು. ಆದರೆ ಅರ್ಜಿ ಹಾಕಿದ ದಿನ ಮ್ಯಾನೇಜರಿಗೆ, ಮ್ಯಾನೇಜರಿನಿಂದ ಇಡೀ ಟೀಮಿಗೆ ತಿಳಿಯುತ್ತದೆಯಲ್ಲ ಎಂಬ ಅಳುಕೂ ನಿಜ. ಆ ಅಳುಕನ್ನು ಹಳೆಕಾಲದ ನಾಚಿಕೆ ಎಂದು ನಗುವವರು ಟೀಮಿನ ಊಟದ ಮೇಜಿನಲ್ಲಿ ಏನೇನು ಮಾತಾಗುತ್ತದೆ ಎಂಬುದನ್ನು ಒಮ್ಮೆ ಕೇಳಿಸಿಕೊಳ್ಳಲಿ.

ತೊಟ್ಟ ವಸ್ತುವೊಂದು ಈ ನಿಯಮವನ್ನೇ ಅಲ್ಲಾಡಿಸಿದ ಉದಾಹರಣೆ ಕನ್ನಡದಲ್ಲಿಯೇ ಇದೆ. ಅದನ್ನು ಕಲೆ ಎಂದು ಕರೆದರೆ ಕೆಲವರಿಗೆ ಬೇಸರವಾದೀತು, ಹಾಗೆ ಕರೆಯುವುದಿಲ್ಲ. ಹನ್ನೆರಡನೇ ಶತಮಾನದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು: ಜನನ, ಮರಣ, ಜಾತಿ, ಎಂಜಲು, ಮತ್ತು ರಜಸ್ಸು. ಇಷ್ಟಲಿಂಗ ಗಂಡಿಗೂ ಹೆಣ್ಣಿಗೂ ಒಂದೇ. ಮೈಮೇಲೆ ಸದಾ ಇರಬೇಕಾದದ್ದು, ಮೂರು ದಿನ ತೆಗೆದಿಟ್ಟು ಆಮೇಲೆ ತೊಡುವಂಥದ್ದಲ್ಲ. ಇಲ್ಲಿ ತರ್ಕ ಎಷ್ಟು ನೇರವಾಗಿದೆ ನೋಡಿ. ದೇವರನ್ನೇ ಮೈಮೇಲೆ ತೊಟ್ಟವಳಿಗೆ ಗುಡಿಯ ಹೊಸಿಲು ದಾಟಬೇಡ ಎನ್ನಲು ಹೊಸಿಲೇ ಇಲ್ಲ. ಅದೂ ಪ್ರದರ್ಶನಕ್ಕಲ್ಲ. ಶಿವದಾರದಲ್ಲಿ, ಕರಡಿಗೆಯೊಳಗೆ, ಬಟ್ಟೆಯ ಮರೆಯಲ್ಲಿ. ಹೊರಗೆ ಕಾಣದೆಯೇ ನಿಯಮ ಬದಲಿಸಿತು. ಕೆಂಪು ಮಣಿಯ ಬಳೆ ಹೊರಗೆ ಚೆನ್ನಾಗಿ ಕಾಣುತ್ತದೆ, ಅದನ್ನು ತೊಟ್ಟ ಕೈ ಆ ದಿನ ದೇವರ ದೀಪ ಹಚ್ಚುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಲಿಂಗ ಕಟ್ಟಿಕೊಳ್ಳುವ ಎಷ್ಟೋ ಮನೆಗಳಲ್ಲಿ ಹೆಂಗಸರು ಆ ದಿನಗಳಲ್ಲಿ ಪೂಜೆಗೆ ಕೂರುವುದಿಲ್ಲ, ದೇವರ ಕೋಣೆಗೆ ಹೋಗುವುದಿಲ್ಲ. ವಸ್ತು ಉಳಿಯಿತು, ಅದರ ವಾದ ಸದ್ದಿಲ್ಲದೆ ಜಾರಿಹೋಯಿತು. ಅಷ್ಟು ದೊಡ್ಡ ಚಳವಳಿಯ ಗುರುತಿಗೇ ಹೀಗಾದರೆ ಒಂದು ಪ್ರದರ್ಶನದ ಉಡುಪಿಗೆ ಏನಾದೀತು ಎಂಬ ಅಂಜಿಕೆ ನನಗಿದೆ. ಈ ಊರಿನಲ್ಲಿ ಅದಕ್ಕೆ ಪುರಾವೆ ಹುಡುಕಬೇಕಿಲ್ಲ. ಪಾದದಲ್ಲಿ ಆಲ್ತಾ, ಬೈತಲೆಯಲ್ಲಿ ಸಿಂಧೂರ, ಕೈಯಲ್ಲಿ ಶಂಖದ ಬಳೆಯ ಜೊತೆ ಕೆಂಪು ಪೋಲಾ, ವಿಜಯದಶಮಿಗೆ ಮುಖಕ್ಕೆಲ್ಲ ಸಿಂಧೂರ ಬಳಿದುಕೊಳ್ಳುವ ಆಟ. ಬಂಗಾಳದ ಅತ್ಯಂತ ಮಂಗಳಕರವಾದ ಸೀರೆ ಎಂದರೆ ಬಿಳಿಯ ಬಟ್ಟೆಗೆ ಕೆಂಪು ಅಂಚು. ಹೆಣ್ಣಿನ ಮೈಮೇಲೆ ಕೆಂಪು ಎಲ್ಲೆಲ್ಲಿ ಇರಬೇಕು ಎಂಬುದಕ್ಕೆ ಇಷ್ಟು ವಿವರವಾದ ವ್ಯವಸ್ಥೆ ಇದೆ. ಅದೇ ಬಿಳಿ ಬಟ್ಟೆಯ ಅಂಚು ಬಿಟ್ಟು ಇನ್ನೊಂದು ಜಾಗದಲ್ಲಿ ಕೆಂಪು ಕಂಡರೆ ಹಿಂದಿನಿಂದ ಬಂದ ಹೆಂಗಸು ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ಹುಡುಗಿ ಬ್ಯಾಗನ್ನು ಬೆನ್ನಿಂದ ಕೆಳಕ್ಕೆ ಇಳಿಸಿಕೊಳ್ಳುತ್ತಾಳೆ. ಆ ಪಿಸುಮಾತಿನಲ್ಲಿ ದೊಡ್ಡ ಕರುಣೆಯೂ ಇದೆ, ಅದನ್ನು ಮರೆಯಬಾರದು. ಗುರುತಿಲ್ಲದ ಹೆಂಗಸರು ಒಬ್ಬರನ್ನೊಬ್ಬರು ಕಾಯುವುದು ಹೀಗೆಯೇ.

ಸೀರೆಯ ಮಾತು ಬಂತು. ದಕ್ಷಿಣ ಕೋಲ್ಕತ್ತಾದಾಚೆ ಜೋಕಾದಲ್ಲಿ ಗುರುಸದಯ ಮ್ಯೂಸಿಯಂ ಇದೆ, ಕಂಥಾಗಳ ಸಂಗ್ರಹಕ್ಕೆ ಹೆಸರಾದದ್ದು. ಕಂಥಾ ಎಂದರೆ ನಮ್ಮ ಉತ್ತರ ಕರ್ನಾಟಕದ ಕೌದಿಯ ಸೋದರಸಂಬಂಧಿ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತಿಗಳನ್ನು ಒಂದರ ಮೇಲೊಂದು ಹಾಸಿ, ಸಣ್ಣ ಓಟದ ಹೊಲಿಗೆಯಲ್ಲಿ ಹಿಡಿದದ್ದು. ಹೊಲಿಯುವ ಬಣ್ಣದ ದಾರವನ್ನೂ ಹಳೇ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಮಾನದಾಸುಂದರಿ ದಾಸಿ ಎಂಬಾಕೆ ತಂದೆಗಾಗಿ ಹೊಲಿದ ಕಂಥಾ ಆ ಸಂಗ್ರಹದಲ್ಲಿ ಪ್ರಸಿದ್ಧ. ಹೆಸರು ಉಳಿದ ಕೆಲವೇ ಹೆಂಗಸರಲ್ಲಿ ಅವಳೊಬ್ಬಳು.

ಒಂದು ಸೀರೆಯ ಆಯಸ್ಸನ್ನು ಹೀಗೆ ನೆನೆಯಿರಿ. ಮೊದಲು ಹಬ್ಬಕ್ಕೆ, ಆಮೇಲೆ ಮನೆಗೆ. ಹರಿದ ಮೇಲೆ ಗಟ್ಟಿ ಇರುವ ಭಾಗ ಕೌದಿಗೆ, ಮೆತ್ತಗಿನದು ಮಗುವಿನ ಹಾಸಿಗೆಗೆ. ಉಳಿದ ಕೊನೆಯ ತುಂಡು ತಿಂಗಳ ಬಟ್ಟೆಗೆ. ನಮ್ಮ ಅಜ್ಜಿಯಂದಿರ ಲೆಕ್ಕ ಇಷ್ಟೇ. ಒಂದೇ ಸೀರೆಯ ಒಂದು ತುಂಡು ಗಾಜಿನ ಪೆಟ್ಟಿಗೆ ಸೇರಿತು. ಇನ್ನೊಂದು ತುಂಡು ಹಿತ್ತಿಲಲ್ಲಿ, ಮತ್ತೊಂದು ಬಟ್ಟೆಯ ಅಡಿಯಲ್ಲಿ, ಬಿಸಿಲು ಕಾಣದೆ ಅರ್ಧ ಒಣಗಿತು. ಅರ್ಧ ಒಣಗಿದ ಬಟ್ಟೆಯಿಂದ ಬರುವ ತುರಿಕೆ, ಸೋಂಕಿನ ಬಗ್ಗೆ ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಆ ಬಟ್ಟೆಗೆ ಬೇಕಾಗಿದ್ದದ್ದು ಸೋಪು, ನೀರು ಮತ್ತು ಎರಡು ಗಂಟೆ ಬಿಸಿಲು. ಮೊದಲೆರಡು ಹೇಗೋ ಸಿಗುತ್ತಿದ್ದವು. ಹಗ್ಗದ ಮೇಲೆ ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ಹರಡುವ ಧೈರ್ಯ ಒಂದೇ ದುಬಾರಿಯಾಗಿತ್ತು. ಕೆಂಪು ದಾರದ ಕಸೂತಿ ನನಗೆ ಅರ್ಥವಾಗುವುದು ಇಲ್ಲಿ. ಗಾಜಿನ ಪೆಟ್ಟಿಗೆಯ ತುಂಡಿನ ಹೊಲಿಗೆಯನ್ನು ತಂದು ಹಿತ್ತಿಲ ತುಂಡಿನ ಮೇಲೆ ಹಾಕಿದರೆ, ಎರಡೂ ಒಂದೇ ಸೀರೆ ಎಂಬುದು ನೆನಪಾಗುತ್ತದೆ.

ಈಗ ಗರಿಯಾಹಾಟದ ಅಂಗಡಿಗಳಲ್ಲಿ ಕಂಥಾ ಹೊಲಿಗೆಯ ರೇಷ್ಮೆ ಸೀರೆಗಳು ಸಾವಿರಗಟ್ಟಲೆ ಬೆಲೆಗೆ ಬಿಕರಿಯಾಗುತ್ತವೆ. ನಾವು ವಲಸಿಗರೂ ಊರಿಗೆ ಹೋಗುವಾಗ ಅಮ್ಮನಿಗೆ, ಅತ್ತೆಗೆ ಒಂದೊಂದು ಒಯ್ಯುತ್ತೇವೆ. ನಾಳೆ ಯಾರಾದರೂ ಮುಟ್ಟಿನ ಕೆಂಪನ್ನೇ ವಿನ್ಯಾಸ ಮಾಡಿ ಸೀರೆ ತಂದರೆ ಅದನ್ನೂ ಕೊಳ್ಳುವವರು ನಾವೇ. ಕೊಳ್ಳೋಣ, ಉಡೋಣ, ಅದರಲ್ಲಿ ತಪ್ಪೇನಿಲ್ಲ. ಆದರೆ ಬೆಳಿಗ್ಗೆ ಕ್ಯಾನಿಂಗ್ ಲೋಕಲ್ ಹಿಡಿದು, ಬಾಲಿಗಂಜ್‌ನಲ್ಲೋ ಜಾದವ್‌ಪುರದಲ್ಲೋ ಇಳಿದು, ಒಂದಾದ ಮೇಲೊಂದು ನಾಲ್ಕೈದು ಮನೆಗಳ ಪಾತ್ರೆ ತೊಳೆಯುವ ಮಾಶಿಗೆ ಆ ಮನೆಗಳಲ್ಲಿ ಶೌಚಾಲಯ ಬಳಸಲು ಬಿಡುವವರು ಎಷ್ಟು ಜನ? ಅವಳು ಪ್ರತಿದಿನ ಉಜ್ಜಿ ತೊಳೆಯುವ ಶೌಚಾಲಯ ಅದು. ಅವಳಿಗೂ ತಿಂಗಳು ಬರುತ್ತದೆ. ಅವಳ ಮುಟ್ಟನ್ನು ಕಾಯುವುದು ಮಡಿಯ ನಿಯಮವಲ್ಲ, ನಮ್ಮ ಬಾತ್‌ರೂಮಿನ ಚಿಲಕ. ನಮ್ಮ ಮನೆಯಲ್ಲಿ ಯಾರೂ ಹೊರಗೆ ಕೂರುವುದಿಲ್ಲ ಎಂದು ಹೇಳಿಕೊಳ್ಳುವ ಫ್ಲಾಟುಗಳಲ್ಲೂ ಆ ಚಿಲಕ ಇದೆ.

ಅವಳ ಊರಿಗೆ ವಾಪಸು ಹೋಗುವ ರೈಲು ಮಧ್ಯಾಹ್ನದ ನಂತರ. ಹೋಗುವಾಗ ಹಳೆಯ ಸೀರೆಗಳಿದ್ದರೆ ಕೊಡಿ ಎಂದು ಕೇಳುತ್ತಾಳೆ. ಮೆತ್ತಗಿನವು, ಹತ್ತಿಯವು ಇದ್ದರೆ ಒಳ್ಳೆಯದು ಎನ್ನುತ್ತಾಳೆ. ಯಾಕೆ ಎಂದು ಅವಳು ಹೇಳುವುದಿಲ್ಲ, ಕೊಡುವವರೂ ಕೇಳುವುದಿಲ್ಲ.